ಡಬ್ಬಿಯ ಕಿರೀಟ

ಕಿರೀಟವೆಂದೊಡನೆ ಬಂಗಾರವೂ ನವರತ್ನಗಳೂ ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಅಡಿಗೆಮನೆಯ ಡಬ್ಬಿಯೊಂದು ಕಿರೀಟವಾಗಿ ಚರಿತ್ರೆಯನ್ನು ಸೇರಿದುದೂ ಉಂಟು. ಆ ಸಂಗತಿಯನ್ನು ವಾಚಕರ ಮುಂದಿಡಬಯಸುತ್ತೇವೆ.

ಕ್ರೈಸ್ತರು ಈಸ್ಟರಿಗೆ ಮೊದಲು ಆಚರಿಸುವ ದೀರ್ಘ ಉಪವಾಸದ ಮುನ್ನಾದಿನ, ಅಮೇರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ‘ಮಾರ್ಡಿ ಗ್ರಾ’ ಎಂಬ ಉತ್ಸವವು ನಡೆಯುತ್ತದೆ. 1872ರಲ್ಲಿ ಅಲ್ಲಿ ‘ರೆಕ್ಸ್’ ಎಂಬ ಉತ್ಸವದ ಅರಸನ ಮೆರವಣಿಗೆ ಆರಂಭವಾಯಿತು. ಬಿಳಿಯ ಶ್ರೀಮಂತರ ಆ ವೈಭವದಲ್ಲಿ ಕಪ್ಪು ಜನರಿಗೆ ಅರಸರಾಗುವ ಅವಕಾಶವಿರಲಿಲ್ಲ.

1909ರಲ್ಲಿ ಕಪ್ಪು ಜನರು ತಮ್ಮದೇ ಅರಸನನ್ನು ಮಾಡಿಕೊಂಡರು. ವಿಲಿಯಂ ಸ್ಟೋರಿ ಎಂಬಾತನು ಜೂಲು ದೊರೆಯಾಗಿ ಬೀದಿಗಿಳಿದನು. ಹಂದಿಯ ಕೊಬ್ಬು ತುಂಬುವ ತಗಡಿನ ಡಬ್ಬಿಯೇ ಅವನ ಕಿರೀಟ. ಬಾಳೆಯ ದಂಟೇ ರಾಜದಂಡ. ರೆಕ್ಸನ ಆಡಂಬರಕ್ಕೆ ಇದೇ ಉತ್ತರವಾಯಿತು.

1949ರಲ್ಲಿ ಜಗತ್ಪ್ರಸಿದ್ಧ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗನು ತನ್ನ ಹುಟ್ಟೂರಿನಲ್ಲಿ ಜೂಲು ದೊರೆಯ ಕಿರೀಟವನ್ನು ಧರಿಸಿದನು. 1960ರ ದಶಕದಲ್ಲಿ, ಮುಖಕ್ಕೆ ಮಸಿ ಬಳಿದು ಹುಲ್ಲಿನ ಲಂಗ ತೊಡುವ ಈ ವೇಷವು ತಮಗೇ ಅಪಮಾನವೆಂದು ಕಪ್ಪು ಜನರಲ್ಲೇ ಹಲವರು ವಿರೋಧಿಸಿದರು. ಅದನ್ನೂ ದಾಟಿ ಮೆರವಣಿಗೆಯು ಉಳಿಯಿತು. ಈಗಿನ ದೊರೆಯ ವೇಷದಲ್ಲಿ ಗರಿಗಳೂ ಹೊಳೆಯುವ ಹರಳುಗಳೂ ತುಂಬಿವೆ.

ಈ ದೊರೆತನದ ಹಿಂದೆ 1916ರಲ್ಲಿ ನೋಂದಣಿಯಾದ ಒಂದು ಸಂಘವಿದೆ; ‘ಸಹಾಯ’ವೆಂಬುದು ಅದರ ಹೆಸರಿನಲ್ಲೇ ಇದೆ. ಅಂದಿನ ಅಂಥ ಸಂಘಗಳಲ್ಲಿ ಅಲ್ಪ ಚಂದಾ ಕೊಟ್ಟವನಿಗೆ ರೋಗದಲ್ಲಿ ನೆರವು, ಸತ್ತಾಗ ಗೌರವದ ಅಂತ್ಯಸಂಸ್ಕಾರ ದೊರೆಯುತ್ತಿದ್ದಿತು. ಪ್ರಜೆಗಳಿಗೆ ಇಷ್ಟನ್ನು ಒದಗಿಸಿದ ಅರಸೊತ್ತಿಗೆಯನ್ನು ಬರಿಯ ವೇಷವೆಂದು ಹೇಗೆ ಎಣಿಸೋಣ?