ಬಕೆಟ್ಟಿನ ನೀರು, ಎಲ್ ನಿನೋ ಲೆಕ್ಕ

ಸುರತ್ಕಲ್‌ನ ಆ ಮನೆಯ ಅಟ್ಟದಿಂದ ಕೆಳಗಿಳಿದ ಬಕೆಟ್ಟಿಗೂ ಸಾಗರ ವಿಜ್ಞಾನಕ್ಕೂ ಸಂಬಂಧ ಉಂಟೆಂದರೆ ಯಾರೂ ನಂಬಲಿಕ್ಕಿಲ್ಲ. ಮೊಣಕೈಯುದ್ದದ ಕ್ಯಾನ್ವಾಸ್ ಚೀಲ, ತಳಕ್ಕೊಂದು ಮರದ ಬಿಲ್ಲೆ, ಉಪ್ಪು ಕುಡಿದು ಕಡ್ಡಿಯಂತೆ ಸೆಟೆದ ಹಗ್ಗ. ಮರ್ಚೆಂಟ್ ನೇವಿಯಿಂದ ನಿವೃತ್ತರಾದ ಮನೆಯ ಯಜಮಾನರು ಕೆಡೆಟ್ ಆಗಿದ್ದಾಗ ಇಂಥದನ್ನೇ ಸಮುದ್ರಕ್ಕೆ ಇಳಿಸಿ, ನೀರೆತ್ತಿ, ಥರ್ಮಾಮೀಟರ್ ಅದ್ದಿ, ಅಂಕಿಯನ್ನು ಹವಾಮಾನದ ಲಾಗ್‌ಬುಕ್ಕಿಗೆ ಬರೆಯುತ್ತಿದ್ದರಂತೆ. ಆರು ಗಂಟೆಗೊಮ್ಮೆ, ಗ್ರೀನಿಚ್ ಸಮಯಕ್ಕೆ.

“ಗಾಳಿ ಹೊಡೀತಾ ಇದ್ರೆ ಡೆಕ್ಕಲ್ಲಿ ನಿಲ್ಲಲಿಕ್ಕೆ ಯಾರಿಗೆ ಮನಸ್ಸುಂಟು ಮಾರಾಯ್ರೆ? ನೀರೆತ್ತಿದ ಕೂಡ್ಲೇ ಓದಿದ್ರೆ ಒಂದು ಲೆಕ್ಕ, ಒಂದು ಸಿಗರೇಟು ಮುಗಿಸಿ ಓದಿದ್ರೆ ಇನ್ನೊಂದು ಲೆಕ್ಕ.”

ಅವರು ತಮಾಷೆಗೆ ಹೇಳಿದ್ದು. ನಾನು ಮಾತ್ರ ಆ ಬಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡುತ್ತಲೇ ಇದ್ದೆ. ಕ್ಯಾನ್ವಾಸಿನಿಂದ ನೀರು ಜಿನುಗಿ ಆವಿಯಾಗುತ್ತದೆ, ಒಳಗಿನ ನೀರು ತಣಿಯುತ್ತದೆ. ಬೇಸಿಗೆಯ ಮಣ್ಣಿನ ಹೂಜಿಯ ಕೆಲಸವೇ ಇದು. ಡೆಕ್ ಮೇಲೆ ಗಾಳಿ ಜೋರಿದ್ದಷ್ಟೂ, ಓದುವುದು ತಡವಾದಷ್ಟೂ ಸಮುದ್ರ ಇದ್ದದ್ದಕ್ಕಿಂತ ತಣ್ಣಗೆ ದಾಖಲಾಗುತ್ತದೆ. ವ್ಯತ್ಯಾಸ ಡಿಗ್ರಿಯ ಹತ್ತರಲ್ಲಿ ಕೆಲವು ಪಾಲು ಅಷ್ಟೆ. ಆದರೆ ದೊಡ್ಡದೊಂದು ಎಲ್ ನಿನೋ ಇಡೀ ಭೂಮಿಯ ಸರಾಸರಿ ತಾಪಮಾನವನ್ನು ಮೇಲೆತ್ತುವುದೂ ಸುಮಾರು 0.1ರಿಂದ 0.2 ಡಿಗ್ರಿಯಷ್ಟೇ. ಬಕೆಟ್ಟಿನ ತಪ್ಪೂ ಪೆಸಿಫಿಕ್ಕಿನ ಏರಿಳಿತವೂ ಒಂದೇ ತೂಕದವು.

ಎಲ್ ನಿನೋ ಬಗ್ಗೆ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಮಳೆ ಕೈಕೊಟ್ಟಾಗಲೆಲ್ಲ ಅದರ ಹೆಸರು ಬರುತ್ತದೆ. ವಾಣಿಜ್ಯ ಮಾರುತ ಸೋತಾಗ ಪೆಸಿಫಿಕ್ಕಿನ ಪಶ್ಚಿಮದಲ್ಲಿ ಕೂಡಿಕೊಂಡಿದ್ದ ಬಿಸಿನೀರು ಪೂರ್ವಕ್ಕೆ ಹರಡುತ್ತದೆ. ಲಾ ನಿನಾದಲ್ಲಿ ಮಾರುತ ಬಲಗೊಂಡು ಆ ನೀರನ್ನು ಮತ್ತೆ ಪಶ್ಚಿಮಕ್ಕೆ ನೂಕುತ್ತದೆ. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಇದರ ವಾಯುಒತ್ತಡದ ಮುಖವನ್ನು ಗುರುತಿಸಿದರು. ಜೇಕಬ್ ಬಿಯರ್ಕ್‌ನೆಸ್ 1969ರಲ್ಲಿ ಸಾಗರ ಮತ್ತು ಗಾಳಿಯ ಕೊಂಡಿ ಜೋಡಿಸಿದರು. ಚರಿತ್ರೆ ಇಷ್ಟು ಸಾಕು, ಬಕೆಟ್ಟಿಗೆ ಮರಳೋಣ.

ಎರಡನೆಯ ಮಹಾಯುದ್ಧದಲ್ಲಿ ರಾತ್ರಿ ಹೊತ್ತು ಡೆಕ್ ಮೇಲೆ ಟಾರ್ಚ್ ಹಚ್ಚಿ ಥರ್ಮಾಮೀಟರ್ ಓದುವುದೆಂದರೆ ಶತ್ರುವಿಗೆ ಗುರಿ ತೋರಿಸಿದಂತೆ. ಹಾಗಾಗಿ ಎಂಜಿನ್ ತಣಿಸಲು ಒಳಗೆ ಎಳೆದುಕೊಳ್ಳುವ ನೀರಿನ ಉಷ್ಣತೆ ಹೆಚ್ಚಾಗಿ ಬಳಕೆಗೆ ಬಂತು. ಎಂಜಿನ್ ಕೋಣೆಯ ಅಂಕಿ ಯಾವಾಗಲೂ ತುಸು ಬಿಸಿ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಹಡಗುಗಳು ಮತ್ತೆ ಬಕೆಟ್ ಇಳಿಸಿದವು. ದಾಖಲೆಯಲ್ಲಿ ಸಮುದ್ರ ಒಮ್ಮೆಲೇ ತಣ್ಣಗಾಯಿತು. ಇದು ದಶಕಗಟ್ಟಲೆ ಯಾರ ಕಣ್ಣಿಗೂ ಸರಿಯಾಗಿ ಬಿದ್ದಿರಲಿಲ್ಲ. 1939ರಿಂದ 1942ರವರೆಗೆ ಬಿಡದೆ ಕಾಡಿದ ಎಲ್ ನಿನೋ ಬೇರೆ ಆ ದಶಕದ ಅಂಕಿಗಳಲ್ಲಿ ಬೆರೆತು ಕೂತಿತ್ತು. 2008ರಲ್ಲಿ ಡೇವಿಡ್ ಥಾಂಪ್ಸನ್ ಮತ್ತು ಸಂಗಡಿಗರು ಜಾಗತಿಕ ತಾಪಮಾನದ ಸಾಲಿನಿಂದ ಎಲ್ ನಿನೋ, ಲಾ ನಿನಾ ಮುಂತಾದ ಸಹಜ ಏರಿಳಿತಗಳನ್ನು ಕಳೆದು ನೋಡಿದರು. ಉಳಿದ ಗೆರೆಯಲ್ಲಿ 1945ರ ಕೊನೆಯ ಹೊತ್ತಿಗೆ ಸುಮಾರು 0.3 ಡಿಗ್ರಿಯ ಕುಸಿತ ಎದ್ದು ಕಂಡಿತು. ಕುಸಿದದ್ದು ಸಮುದ್ರದ ಬಿಸಿಯಲ್ಲ, ಅಳೆಯುವ ರೀತಿ ಬದಲಾಗಿತ್ತು.

ಇದೇ ದಾರಿಯಲ್ಲಿ ಇನ್ನೊಂದು ಸ್ವಾರಸ್ಯ ಸಿಕ್ಕಿತು, ಬಿಡಲು ಮನಸ್ಸಿಲ್ಲ. ಕಳೆದ ಶತಮಾನದ ಮೊದಲರ್ಧದ ಜಪಾನಿ ಹಡಗುಗಳ ಎಷ್ಟೋ ದಾಖಲೆಗಳನ್ನು ಮುಂದೆ ಯಂತ್ರಕ್ಕೆ ಏರಿಸುವಾಗ ದಶಾಂಶ ಕತ್ತರಿಸಿಹೋಗಿತ್ತು ಎಂದು 2019ರಲ್ಲಿ ಗೊತ್ತಾಯಿತು. 17.8 ಇದ್ದದ್ದು 17 ಆಗುತ್ತಿತ್ತು. ಒಂದು ಸಾಗರವೇ ಗುಮಾಸ್ತರ ಕೈಯಲ್ಲಿ ತಣ್ಣಗಾದಂತೆ!

ಪಠ್ಯಪುಸ್ತಕದ ಸಮಾಧಾನ ಇಷ್ಟು: ಎಲ್ ನಿನೋ ಏರಿಸಿದ್ದನ್ನು ಲಾ ನಿನಾ ಇಳಿಸುತ್ತದೆ, 30 ವರ್ಷದ ಸರಾಸರಿ ತೆಗೆದರೆ ಎರಡೂ ವಜಾ. ನನಗೆ ಈ ಮಾತಿನ ಮೇಲೆ ಪೂರ್ತಿ ನಂಬಿಕೆ ಇಲ್ಲ. ಮೊದಲನೆಯದಾಗಿ, ಯಾವ ಸಮುದ್ರದ ಸರಾಸರಿ? ಎಲ್ ನಿನೋದಲ್ಲಿ ಮೇಲ್ಮೈ ಬಿಸಿಯಾಗುತ್ತದೆ, ಆದರೆ ಸಾಗರ ತನ್ನ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತಿರುತ್ತದೆ. ಲಾ ನಿನಾದಲ್ಲಿ ಮೇಲ್ಮೈ ತಣ್ಣಗೆ ಕಂಡರೂ ಒಳಗೆ ಶಾಖ ಜಮೆ. ಥರ್ಮಾಮೀಟರು ಮೇಲಿನದನ್ನಷ್ಟೇ ಹೇಳುತ್ತದೆ. ಈಗ 2,000 ಮೀಟರ್ ಆಳಕ್ಕೆ ಮುಳುಗಿ ಹತ್ತು ದಿನಕ್ಕೊಮ್ಮೆ ಮೇಲೆದ್ದು ಉಪಗ್ರಹಕ್ಕೆ ವರದಿ ಒಪ್ಪಿಸುವ ಆರ್ಗೋ ತೇಲುಯಂತ್ರಗಳು ಬಂದ ಮೇಲೆ ಒಳಗಿನ ಲೆಕ್ಕವೂ ಕಾಣತೊಡಗಿದೆ. 1998ರ ನಂತರದ ವರ್ಷಗಳಲ್ಲಿ ಮೇಲ್ಮೈ ಬಿಸಿಯೇರಿಕೆ ನಿಧಾನವಾದಾಗ “ತಾಪಮಾನ ಏರಿಕೆ ನಿಂತೇಹೋಯಿತು” ಎಂದು ಸಂಭ್ರಮಿಸಿದವರಿದ್ದರು. ಯು ಕೊಸಾಕಾ ಮತ್ತು ಷಾಂಗ್-ಪಿಂಗ್ ಶಿಯೆ 2013ರಲ್ಲಿ ತೋರಿಸಿದ್ದು ಬೇರೆಯೇ: ಭೂಮಿಯ ಮೇಲ್ಮೈಯ ಶೇ 8.2ರಷ್ಟು ಜಾಗದ, ಅಂದರೆ ಪೂರ್ವ ಪೆಸಿಫಿಕ್ಕಿನ ಉಷ್ಣವಲಯದ ಉಷ್ಣತೆಯನ್ನು ನಿಜದಲ್ಲಿ ಇದ್ದ ಹಾಗೆ ಮಾದರಿಗೆ ಕೊಟ್ಟರೆ ಆ ನಿಧಾನವೂ ಅದರಲ್ಲಿ ತಾನಾಗಿ ಮೂಡುತ್ತದೆ. ಲಾ ನಿನಾದಂಥ ತಂಪು ಅಲ್ಲಿ ಬೀಡುಬಿಟ್ಟಿತ್ತು, ಅಷ್ಟೆ.

ಎರಡನೆಯದು ನಮ್ಮ ಅರಬ್ಬಿ ಸಮುದ್ರಕ್ಕೇ ಸೇರಿದ ಸಂಗತಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1901ರಿಂದ 2012ರ ನಡುವೆ ಪಶ್ಚಿಮ ಹಿಂದೂ ಮಹಾಸಾಗರದ ಬೇಸಿಗೆಯ ಉಷ್ಣತೆ 1.2 ಡಿಗ್ರಿವರೆಗೆ ಏರಿತು. ಎಲ್ ನಿನೋ ವರ್ಷಗಳಲ್ಲಿ ಅಲ್ಲಿನ ಗಾಳಿ ದುರ್ಬಲವಾಗಿ ನೀರು ಬಿಸಿಯಾಗುತ್ತದೆ. ಲಾ ನಿನಾ ಬಂದಾಗ ಅದೇ ಪ್ರಮಾಣದಲ್ಲಿ ತಣ್ಣಗಾಗುವುದಿಲ್ಲ. ಏರಿಸುವ ಕೈ ಉದ್ದ, ಇಳಿಸುವ ಕೈ ಗಿಡ್ಡ. ಹಸಿರುಮನೆ ಅನಿಲಗಳ ಪಾಲಿನ ಮೇಲೆ ಇದೂ ಒಂದಿಷ್ಟು ಸೇರಿಕೊಳ್ಳುತ್ತದೆ. ಅಂದಮೇಲೆ ಇಲ್ಲಿ ವಜಾ ಆಗುವ ಲೆಕ್ಕವೇ ಇಲ್ಲ.

ಹಾಗೆಂದು ಎಲ್ಲವನ್ನೂ ಎಲ್ ನಿನೋ ತಲೆಗೆ ಕಟ್ಟುವವರನ್ನೂ ನಾನು ಒಪ್ಪಲಾರೆ. 2023ರ ಎಲ್ ನಿನೋ ಶುರುವಾಯಿತೆಂದು ಅಮೆರಿಕದ ಸಾಗರ ಸಂಸ್ಥೆ ನೋವಾ ಘೋಷಿಸಿದ್ದು ಆ ವರ್ಷದ ಜೂನ್ 8ರಂದು. ಜಗತ್ತಿನ ಸಮುದ್ರಗಳ ಮೇಲ್ಮೈ ಉಷ್ಣತೆ ದಿನದಿನವೂ ಹಳೆಯ ದಾಖಲೆ ಮುರಿಯತೊಡಗಿದ್ದು ಮಾರ್ಚ್ ಮಧ್ಯದಲ್ಲಿ.