ಕೆಂಪು ಓರೆಪಟ್ಟಿಯ ಅಂಗಿ ಯಾರದು?

ಮ್ಯಾಡ್ರಿಡ್ ನಗರದ ವಯೆಕಾಸ್ ಬಡಾವಣೆಯ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಮೂರು ಬದಿಯಲ್ಲಿ ಮಾತ್ರ ಗ್ಯಾಲರಿ. ನಾಲ್ಕನೆಯ ಬದಿಯಲ್ಲಿ, ಗೋಲುಪೆಟ್ಟಿಗೆಯ ಹಿಂದೆ, ಬರೀ ಗೋಡೆ. ಗೋಡೆಯಾಚೆ ವಸತಿ ಕಟ್ಟಡಗಳು. ಅಲ್ಲಿನ ಮನೆಯವರು ಕಿಟಕಿಗೆ ಬಂದು ನಿಂತರೆ ಪಂದ್ಯ ಕಾಣುತ್ತದೆ. 2019ರ ಡಿಸೆಂಬರ್ 15ರಂದು ಹಾಗೆ ನಿಂತವರಿಗೆ ಅರ್ಧ ಪಂದ್ಯವಷ್ಟೇ ನೋಡಲು ಸಿಕ್ಕಿತು. ವಿರಾಮಕ್ಕೆ ಒಳಗೆ ಹೋದ ಆಟಗಾರರು ಮತ್ತೆ ಮೈದಾನಕ್ಕೆ ಬರಲಿಲ್ಲ.

ರಾಯೊ ವಯೆಕಾನೊ ಮತ್ತು ಅಲ್ಬಸೆಟೆ ನಡುವಿನ ಎರಡನೆಯ ದರ್ಜೆಯ ಲೀಗ್ ಪಂದ್ಯವದು. ಅಲ್ಬಸೆಟೆಯ ಸ್ಟ್ರೈಕರ್ ರೋಮನ್ ಜೋಜುಲ್ಯಾ, ಉಕ್ರೇನಿನವರು. ಪಂದ್ಯ ಶುರುವಾದಾಗಿನಿಂದ ರಾಯೊ ಅಭಿಮಾನಿಗಳು ಅವರನ್ನು ‘ನಾಜಿ’ ಎಂದು ಬೈದು ಕೂಗುತ್ತಲೇ ಇದ್ದರು. ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಟ್ಟರೂ ಕೂಗು ಅಡಗಲಿಲ್ಲ. ಅಲ್ಬಸೆಟೆಯವರು ಇನ್ನು ಆಡುವುದಿಲ್ಲ ಎಂದರು, ರೆಫರಿ ಪಂದ್ಯ ನಿಲ್ಲಿಸಿದರು. ಪ್ರೇಕ್ಷಕರ ಘೋಷಣೆಯ ಕಾರಣಕ್ಕೆ ಸ್ಪೇನಿನ ವೃತ್ತಿಪರ ಲೀಗಿನ ಪಂದ್ಯವೊಂದು ಅರ್ಧಕ್ಕೇ ನಿಂತಿದ್ದು ಅದೇ ಮೊದಲು.

ಆಟಗಾರನ ರಾಜಕೀಯ ನಮಗೇಕೆ, ಚೆಂಡು ಒದ್ದರೆ ಸಾಕಲ್ಲವೇ ಎಂಬ ಪ್ರಶ್ನೆ ಫುಟ್‌ಬಾಲ್ ಇರುವ ಎಲ್ಲ ಕಡೆಯೂ ಏಳುತ್ತದೆ. ಅದು ಎಷ್ಟು ತೊಡಕಿನದು ಎಂದು ತಿಳಿಯಲು ವಯೆಕಾಸ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ವಯೆಕಾಸ್ 1950ರವರೆಗೆ ಬೇರೆಯೇ ಊರು. ಅಂತರ್ಯುದ್ಧದ ನಂತರ ಆಂದಲೂಸಿಯಾ, ಎಕ್ಸ್‌ತ್ರೆಮದೂರಾ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಕೂಲಿಕಾರರು ರಾತ್ರೋರಾತ್ರಿ ಗುಡಿಸಲು ಎಬ್ಬಿಸಿ ಅದನ್ನು ದೊಡ್ಡದು ಮಾಡಿದರು. ಸರ್ವಾಧಿಕಾರಿ ಫ್ರಾಂಕೊ ಆಡಳಿತದ ದಶಕಗಳನ್ನು ಅಲ್ಲಿನವರು ಪೊಲೀಸರ ಲಾಠಿಯಲ್ಲಿ, ನೀರಿಲ್ಲದ ಬೀದಿಗಳಲ್ಲಿ ಕಂಡವರು. ಅಜ್ಜ ಫ್ರಾಂಕೊ ವಿರುದ್ಧ ಗಣರಾಜ್ಯದ ಪರ ಬಂದೂಕು ಹಿಡಿದಿದ್ದ, ಅಜ್ಜಿ ಅದಕ್ಕಾಗಿ ಪಾಡುಪಟ್ಟಳು ಎಂಬ ನೆನಪು ಹೊತ್ತ ಮನೆಗಳಲ್ಲಿ ‘ಫ್ಯಾಸಿಸ್ಟ್’ ಎಂಬುದು ಸಿಟ್ಟಿಗೆ ಬಾಯಿಗೆ ಬಂದ ಬೈಗುಳವಲ್ಲ. ಮನೆಯವರನ್ನು ಕೊಂದವನ ಹೆಸರು ಅದು.

ರಾಯೊ ಕ್ಲಬ್ ಹುಟ್ಟಿದ್ದು 1924ರ ಮೇ 29ರಂದು, ಪ್ರುದೆನ್ಸಿಯಾ ಪ್ರಿಯೇಗೊ ಎಂಬ ತಾಯಿಯ ಮನೆಯಲ್ಲಿ. ಬಿಳಿ ಅಂಗಿಯ ಮೇಲೆ ಹೆಗಲಿನಿಂದ ಸೊಂಟಕ್ಕಿಳಿಯುವ ಕೆಂಪು ಓರೆಪಟ್ಟಿ ಅದರ ಗುರುತು. ಹಲಸೂರಿನ ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನೋಡಿದವರಿಗೆ, ಒಂದು ಕೇರಿ ತನ್ನ ಮಾನವನ್ನು ಫುಟ್‌ಬಾಲಿನಲ್ಲಿ ಇಟ್ಟುಕೊಳ್ಳುವುದು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. 2014ರ ನವೆಂಬರಿನಲ್ಲಿ ವಯೆಕಾಸ್‌ನ 85 ವರ್ಷದ ಅಜ್ಜಿಯೊಬ್ಬರನ್ನು ಸಾಲದ ಕಾರಣಕ್ಕೆ ಮನೆಯಿಂದ ಹೊರಹಾಕಿದಾಗ, ಆಕೆ ಬದುಕಿರುವವರೆಗೆ ಬಾಡಿಗೆಗೆ ನೆರವಾಗುತ್ತೇವೆ ಎಂದು ಮುಂದೆ ಬಂದವರು ರಾಯೊ ತರಬೇತುದಾರ ಪಾಕೊ ಹೆಮೆಸ್ ಮತ್ತು ಅವರ ಆಟಗಾರರು. ಮರುವರ್ಷ ಪರಸ್ಥಳದ ಪಂದ್ಯಗಳ ಜೆರ್ಸಿಯಲ್ಲಿ ಕೆಂಪು ಪಟ್ಟಿಯ ಜಾಗಕ್ಕೆ ಕಾಮನಬಿಲ್ಲು ಬಂತು. ಯಾರನ್ನೂ ಕೀಳಾಗಿ ಕಾಣುವುದಿಲ್ಲ ಎಂದು ಅಂಗಿಯ ಮೇಲೇ ಸಾರಿಕೊಂಡ ಕ್ಲಬ್ ಇದು. ‘ಇಲ್ಲಿ ರಾಜಕೀಯ ಬೇಡ, ಆಟವಷ್ಟೇ’ ಎಂಬ ಮಾತು ಈ ಅಂಗಿಗೆ ಹೊಂದುವುದಿಲ್ಲ.

2017ರ ಜನವರಿಯ ಕೊನೆಯ ದಿನ, ಆಟಗಾರರ ವರ್ಗಾವಣೆಯ ಗಡುವು ಮುಗಿಯುವ ಹೊತ್ತಿನಲ್ಲಿ, ಸೆವಿಯಾದ ರಿಯಲ್ ಬೆಟಿಸ್ ಕ್ಲಬ್ಬಿನಿಂದ ಜೋಜುಲ್ಯಾ ಅವರನ್ನು ರಾಯೊ ಎರವಲು ತಂದುಕೊಂಡಿತು. ಬುಕನೇರೋಸ್ ಎಂಬ ಎಡಪಂಥೀಯ ಅಭಿಮಾನಿ ಬಳಗ ಅವರ ಹಳೆಯ ಫೋಟೋಗಳನ್ನು ಹೊರಗೆಳೆಯಿತು. ಉಕ್ರೇನಿನ ರಾಷ್ಟ್ರೀಯವಾದಿ ನಾಯಕ ಸ್ತೆಪಾನ್ ಬಂದೇರನ ಚಿತ್ರದೊಂದಿಗೆ ಜೋಜುಲ್ಯಾ ಕಾಣಿಸಿಕೊಂಡಿದ್ದರು. ಪೂರ್ವ ಉಕ್ರೇನಿನ ದೊನ್‌ಬಾಸ್ ಯುದ್ಧದಲ್ಲಿದ್ದ ಉಕ್ರೇನಿ ಸೈನಿಕರಿಗೆ ನೆರವು ಒಟ್ಟುಮಾಡುವ ಸಂಸ್ಥೆಯನ್ನೂ ನಡೆಸುತ್ತಿದ್ದರು. ಮರುದಿನ ಅಭ್ಯಾಸದ ಮೈದಾನಕ್ಕೆ ಬಂದರೆ ಅಲ್ಲಿ ಅಭಿಮಾನಿಗಳ ಪ್ರತಿಭಟನೆ. ನಾಜಿಗಳಿಗೆ ವಯೆಕಾಸ್‌ನಲ್ಲಿ ಜಾಗವಿಲ್ಲ ಎಂಬ ಬ್ಯಾನರು ಎದ್ದಿತ್ತು. ಒಂದು ಪಂದ್ಯವನ್ನೂ ಆಡದೆ ಅವರು ಸೆವಿಯಾಕ್ಕೆ ವಾಪಸಾದರು.

ಇಲ್ಲಿ ಒಂದು ಅಂಗಿಯ ಕತೆ ಹೇಳಲೇಬೇಕು. 2016ರಲ್ಲಿ ಮೊದಲ ಸಲ ಸೆವಿಯಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಜೋಜುಲ್ಯಾ ತೊಟ್ಟಿದ್ದ ಟೀ-ಶರ್ಟ್ ನೋಡಿದ ಪತ್ರಕರ್ತರೊಬ್ಬರು ಅದು ಬಲಪಂಥೀಯ ಅರೆಸೇನಾ ಪಡೆಯೊಂದರ ಲಾಂಛನ ಎಂದು ಬರೆದುಬಿಟ್ಟರು. ಅದರ ಮೇಲಿದ್ದದ್ದು ತ್ರಿಶೂಲದ ಆಕಾರದ ಉಕ್ರೇನಿನ ರಾಷ್ಟ್ರಲಾಂಛನ, ಜೊತೆಗೆ ತಾರಾಸ್ ಶೆವ್ಚೆಂಕೊ ಕವಿಯ ಸಾಲುಗಳು. ಜೀತದ ಮನೆಯಲ್ಲಿ ಹುಟ್ಟಿ, ಉಕ್ರೇನಿ ಭಾಷೆಗೆ ದನಿ ಕೊಟ್ಟ 19ನೇ ಶತಮಾನದ ಕವಿ ಆತ. ಬರೆದವರು ತಪ್ಪು ಒಪ್ಪಿಕೊಂಡರು, ರಾಯೊ ಅಭಿಮಾನಿಗಳಿಗೆ ಜೋಜುಲ್ಯಾ ಬಹಿರಂಗ ಪತ್ರ ಬರೆದು ತಾನು ನಾಜಿಯಲ್ಲ ಎಂದರು. ಆದರೆ ಒಮ್ಮೆ ಅಂಟಿದ್ದು ಅಂಟಿಯೇ ಉಳಿಯಿತು.

ಹಾಗೆಂದು ಅಭಿಮಾನಿಗಳ ಆತಂಕ ಬರೀ ಗಾಳಿಮಾತಿನದಲ್ಲ. ಬಂದೇರನನ್ನು ಪಶ್ಚಿಮ ಉಕ್ರೇನಿನ ಎಷ್ಟೋ ಜನ ಸ್ವಾತಂತ್ರ್ಯದ ವೀರ ಎನ್ನುತ್ತಾರೆ. 1959ರಲ್ಲಿ ಮ್ಯೂನಿಕ್‌ನಲ್ಲಿ ಸೋವಿಯತ್ ಗೂಢಚಾರನೊಬ್ಬ ಅವನನ್ನು ಕೊಂದ. ಅದೇ ಬಂದೇರನ ಸಂಘಟನೆಯವರು ಎರಡನೆಯ ಮಹಾಯುದ್ಧದಲ್ಲಿ ಪೋಲಿಷ್ ಜನರನ್ನೂ ಯಹೂದಿಗಳನ್ನೂ ಕೊಂದರು. ಒಂದೇ ಚಿತ್ರಪಟ ಉಕ್ರೇನಿನ ಹುಡುಗನಿಗೆ ದೇಶ ಉಳಿಸಿಕೊಳ್ಳುವ ಛಲವಾಗಿಯೂ ವಯೆಕಾಸ್‌ನ ಮೊಮ್ಮಗನಿಗೆ ಹಂತಕರ ಪಟವಾಗಿಯೂ ಕಾಣುವುದು ಸಾಧ್ಯ. ಇಬ್ಬರೂ ಕೂತು ಮಾತಾಡಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ, ಆ ಮಾತುಕತೆ ಮಾತ್ರ ನಡೆಯಲೇ ಇಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿದ ಮೇಲೆ ಯುರೋಪಿನ ಕ್ರೀಡಾಂಗಣಗಳಲ್ಲೆಲ್ಲ ನೀಲಿ-ಹಳದಿ ಬಾವುಟ ಹಾರಿತು. ಐದು ವರ್ಷದ ಹಿಂದೆ ಸೈನಿಕರಿಗೆ ದುಡ್ಡು ಕೂಡಿಸಿದ್ದು ಈ ಮನುಷ್ಯನ ಮೇಲಿನ ಆರೋಪಪಟ್ಟಿಯಲ್ಲಿತ್ತು ಎಂಬುದು ಆಗ ನನಗೆ ಬಹಳ ನೆನಪಾಯಿತು.

ನನ್ನ ಮಟ್ಟಿಗೆ 2017 ಮತ್ತು 2019 ಎರಡು ಬೇರೆ ಬೇರೆ ಘಟನೆಗಳು. ತಮ್ಮ ಅಂಗಿ ತೊಡಲು ಬಂದವನನ್ನು ‘ನೀನು ಯಾರು, ಏನು ನಂಬುತ್ತೀಯ’ ಎಂದು ಕೇಳುವ ಹಕ್ಕು ವಯೆಕಾಸ್‌ನವರಿಗೆ ಇತ್ತು. ಟಿಕೆಟ್ಟಿಗೆ ದುಡ್ಡು ಕೊಟ್ಟದ್ದಕ್ಕೆ ಬಂದ ಹಕ್ಕಲ್ಲ, ಆ ಅಂಗಿಗೆ ಅರ್ಥ ಕೊಟ್ಟವರು ಅವರು ಎಂಬುದಕ್ಕೆ ಬಂದದ್ದು. ಆದರೆ ಸುಮಾರು ಮೂರು ವರ್ಷದ ಬಳಿಕ ಎದುರಾಳಿಯಾಗಿ ಬಂದವನನ್ನು ನಲವತ್ತೈದು ನಿಮಿಷ ಬೈಯುವುದರಲ್ಲಿ ಪ್ರಶ್ನೆಯೇ ಇರಲಿಲ್ಲ. ಉತ್ತರ ಬೇಕಿಲ್ಲದ ಪ್ರಶ್ನೆ ಕಲ್ಲೆಸೆತ. ಕಷ್ಟಕ್ಕೆ ಮರುಗುವ ಆ ಬಡಾವಣೆಯನ್ನು ದೂರದಿಂದಲೇ ಪ್ರೀತಿಸುವ ನನಗೆ ಅದನ್ನು ನೋಡುವುದು ಸಂಕಟವಾಯಿತು.

ಶಿಕ್ಷೆ ಬೇಗ ಬಂತು. 18 ಸಾವಿರ ಯೂರೊ ದಂಡ, ಎರಡು ಪಂದ್ಯಕ್ಕೆ ಗ್ಯಾಲರಿಯ ಒಂದು ಭಾಗ ಬಂದ್. ಉಳಿದ ಅರ್ಧ ಪಂದ್ಯ ನಡೆದದ್ದು 2020ರ ಜೂನ್ 10ರಂದು. ಕೊರೊನಾದಿಂದ ಸ್ಥಗಿತಗೊಂಡಿದ್ದ ಸ್ಪೇನಿನ ಫುಟ್‌ಬಾಲ್ ಮತ್ತೆ ಶುರುವಾದದ್ದು ಆ ನಲವತ್ತೈದು ನಿಮಿಷದಿಂದಲೇ. ಗ್ಯಾಲರಿ ಖಾಲಿ. ಮೊದಲರ್ಧದಲ್ಲೇ ಒಬ್ಬ ಆಟಗಾರ ರೆಡ್ ಕಾರ್ಡ್ ಪಡೆದು ಹೊರಹೋಗಿದ್ದರಿಂದ ಹತ್ತು ಮಂದಿಗೆ ಇಳಿದಿದ್ದ ಅಲ್ಬಸೆಟೆಯ ಎದುರು ರಾಯೊ 1-0ಯಿಂದ ಗೆದ್ದಿತು.

ಆದರೆ ಆ ಪಂದ್ಯ ನಿಂತ ದಿನಕ್ಕೂ ಮುಗಿದ ದಿನಕ್ಕೂ ನಡುವೆ, 2020ರ ಜನವರಿಯಲ್ಲಿ, ಬಾರ್ಸಿಲೋನಾದ ಎಸ್ಪಾನ್ಯೊಲ್ ಮೈದಾನದಲ್ಲಿ ಅಥ್ಲೆಟಿಕ್ ಬಿಲ್ಬಾವೊದ ಕಪ್ಪುವರ್ಣದ ಆಟಗಾರ ಇನಾಕಿ ವಿಲಿಯಮ್ಸ್ ಅವರನ್ನು ಪ್ರೇಕ್ಷಕರು ಕೋತಿಯ ದನಿ ಮಾಡಿ ಹೀಯಾಳಿಸಿದರು. ಪಂದ್ಯ ಪೂರ್ತಿ ನಡೆಯಿತು. 2023ರ ಮೇನಲ್ಲಿ ವೆಲೆನ್ಸಿಯಾದಲ್ಲಿ ರಿಯಲ್ ಮ್ಯಾಡ್ರಿಡ್‌ನ ಕಪ್ಪುವರ್ಣದ ಆಟಗಾರ ವಿನಿಸಿಯಸ್ ಜೂನಿಯರ್ ಅವರಿಗೂ ಅದೇ ಆಯಿತು, ಆಟ ಕೆಲ ನಿಮಿಷ ನಿಂತು ಮುಂದುವರಿಯಿತು. ವಿಚಾರ ಮನುಷ್ಯ ಆರಿಸಿಕೊಳ್ಳುವಂಥದ್ದು, ಬದಲಿಸಿಕೊಳ್ಳಬಲ್ಲದ್ದು, ಸಮರ್ಥಿಸಿಕೊಳ್ಳಬಲ್ಲದ್ದು. ಚರ್ಮದ ಬಣ್ಣ ಹಾಗಲ್ಲ. ವಿಚಾರದ ನಿಂದನೆಗೆ ಪಂದ್ಯವನ್ನು ಅರ್ಧಕ್ಕೇ ನಿಲ್ಲಿಸಿದ ವ್ಯವಸ್ಥೆ ಬಣ್ಣದ ನಿಂದನೆಗೆ ಹಾಗೆ ನಿಲ್ಲಿಸಲಿಲ್ಲ ಎಂಬುದು ಕ್ಷಮಿಸಲಾಗದ ಮಾತು. ಜೋಜುಲ್ಯಾ ಪರವಾಗಿ ಗಟ್ಟಿಯಾಗಿ ನಿಂತ ಲೀಗ್ ಮುಖ್ಯಸ್ಥ ಹವಿಯೆರ್ ತೆಬಾಸ್ ಯೌವನದಲ್ಲಿ ಫುಯೆರ್ಸಾ ನುಯೆವಾ ಎಂಬ ಕಡು ಬಲಪಂಥೀಯ ಪಕ್ಷದಲ್ಲಿದ್ದವರು ಎಂಬುದನ್ನು ವಯೆಕಾಸ್ ಮರೆಯುವುದಿಲ್ಲ.

ಅಭಿಮಾನಿಗಳ ರಾಜಕೀಯ ಗೆಲುವಿನ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಅನುಮಾನ ಇಂಗ್ಲೆಂಡಿನ ಸಂಡರ್ಲೆಂಡ್‌ನಲ್ಲಿ ನನಗೆ ಬಲವಾಯಿತು. 2005ರಲ್ಲಿ ಇಟಲಿಯ ಲಾಜಿಯೊ ಕ್ಲಬ್ಬಿನ ಆಟಗಾರನಾಗಿ ಪ್ರೇಕ್ಷಕರಿಗೆ ಫ್ಯಾಸಿಸ್ಟ್ ಸೆಲ್ಯೂಟ್ ಹೊಡೆದಿದ್ದ ಪಾವ್ಲೊ ಡಿ ಕಾನಿಯೊ ಅವರನ್ನು 2013ರಲ್ಲಿ ಸಂಡರ್ಲೆಂಡ್ ಕ್ಲಬ್ ತರಬೇತುದಾರನನ್ನಾಗಿ ತಂದಿತು. ಮಾಜಿ ವಿದೇಶಾಂಗ ಸಚಿವ ಡೇವಿಡ್ ಮಿಲಿಬ್ಯಾಂಡ್ ಆಡಳಿತ ಮಂಡಳಿ ಬಿಟ್ಟು ಹೊರನಡೆದರು. ಕ್ರೀಡಾಂಗಣ ಎದ್ದಿರುವುದು ಮುಚ್ಚಿದ ಕಲ್ಲಿದ್ದಲು ಗಣಿಯ ನೆಲದಲ್ಲಿ. ಡರ್‌ಹ್ಯಾಮ್ ಗಣಿ ಕಾರ್ಮಿಕರ ಸಂಘ ಅಲ್ಲಿಟ್ಟಿದ್ದ ತನ್ನ ಬಾವುಟವನ್ನು ವಾಪಸು ಕೇಳಿತು. ಫ್ಯಾಸಿಸ್ಟ್ ಸಿದ್ಧಾಂತವನ್ನು ಬೆಂಬಲಿಸುವುದಿಲ್ಲ ಎಂದು ಡಿ ಕಾನಿಯೊ ಹೇಳಿಕೆ ಕೊಟ್ಟರು. ಏಪ್ರಿಲ್ 14ರಂದು ಕಡುವೈರಿ ನ್ಯೂಕಾಸಲ್ ತಂಡವನ್ನು ಅದರ ಮೈದಾನದಲ್ಲೇ 3-0ಯಿಂದ ಸೋಲಿಸಿದಾಗ ಅವರು ಮಂಡಿಯ ಮೇಲೆ ಜಾರುತ್ತ ಸಂಭ್ರಮಿಸಿದರು, ಊರು ಕುಣಿಯಿತು. ಸೆಪ್ಟೆಂಬರಿನಲ್ಲಿ ಕ್ಲಬ್ ಅವರನ್ನು ಕೆಲಸದಿಂದ ತೆಗೆದದ್ದು ಸೋಲುಗಳ ಸರಮಾಲೆಯ ನಂತರ.

ವಯೆಕಾಸ್ ಹಾಗೆ ಮರೆತಿಲ್ಲ. 2021ರ ಏಪ್ರಿಲಿನಲ್ಲಿ ಕ್ಲಬ್ ಅಧ್ಯಕ್ಷರು ಬಲಪಂಥೀಯ ವೋಕ್ಸ್ ಪಕ್ಷದ ನಾಯಕರನ್ನು ಪಂದ್ಯಕ್ಕೆ ಕರೆದು ಗಣ್ಯರ ಸಾಲಿನಲ್ಲಿ ಕೂರಿಸಿಕೊಂಡರು. ಕೊರೊನಾ ಕಾಲ, ಅಭಿಮಾನಿಗಳಿಗೆ ಒಳಗೆ ಪ್ರವೇಶವಿರಲಿಲ್ಲ. ಬಳಿಕ ಅಭಿಮಾನಿಗಳು ಬಿಳಿಯ ರಕ್ಷಣಾ ಉಡುಪು ತೊಟ್ಟು ಬಂದು ಕ್ರೀಡಾಂಗಣವನ್ನು ಸೋಂಕುಮುಕ್ತಗೊಳಿಸುವವರಂತೆ ತೊಳೆದರು. ರಾಜಕೀಯ ಬೇಡ ಎಂದು ಅಭಿಮಾನಿಗೆ ಬುದ್ಧಿ ಹೇಳುವಾಗ, ಗಣ್ಯರ ಸಾಲಿನಲ್ಲಿ ಕೂತದ್ದು ಏನು ಎಂದು ಕೇಳುವ ಧೈರ್ಯ ನಮಗೆ ಬೇಕು. ಯಾರ ಮೇಲೂ ಕೂಗದೆ, ಯಾರನ್ನೂ ತುಳಿಯದೆ, ತಮ್ಮ ಮಾತನ್ನು ಆ ಅಭಿಮಾನಿಗಳು ಪೂರ್ತಿಯಾಗಿ ಹೇಳಿದ ರೀತಿ ನನಗೆ ಹಿಡಿಸಿತು.

ಆ ಕ್ರೀಡಾಂಗಣದ ಒಂದು ದ್ವಾರಕ್ಕೆ ವಿಲ್‌ಫ್ರೆಡ್ ಅಗ್ಬೊನಾವ್ಬಾರೆ ಎಂಬ ಹೆಸರಿದೆ. 1990ರ ದಶಕದಲ್ಲಿ ರಾಯೊ ಗೋಲು ಕಾದ ನೈಜೀರಿಯಾದವರು. ನಗರದ ಇನ್ನೊಂದು ತುದಿಯಲ್ಲಿ, ರಿಯಲ್ ಮ್ಯಾಡ್ರಿಡ್‌ನ ಮೈದಾನದಲ್ಲಿ, ಅವರ ಬಣ್ಣ ಹಿಡಿದು ಜನ ಹೀಯಾಳಿಸಿದ್ದರು. ಆಗ ಯಾವ ರೆಫರಿಯೂ ಪಂದ್ಯ ನಿಲ್ಲಿಸಲಿಲ್ಲ. ಆಟ ಬಿಟ್ಟ ಮೇಲೆ ಅವರು ಮ್ಯಾಡ್ರಿಡ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಎತ್ತುವ ಕೆಲಸ ಮಾಡಿದರು. 2015ರ ಜನವರಿಯಲ್ಲಿ, 48ನೇ ವಯಸ್ಸಿಗೆ, ಕ್ಯಾನ್ಸರಿನಿಂದ ತೀರಿಕೊಂಡರು. ಪಂದ್ಯದ ದಿನ ಅವರ ಹೆಸರಿನ ಕೆಳಗೆ ಹಾದು, ಕೆಂಪು ಓರೆಪಟ್ಟಿಯ ಅಂಗಿ ತೊಟ್ಟ ಜನ ಒಳಗೆ ಹೋಗುತ್ತಾರೆ.