ಪರದೇಶದ ಮನೆಯಲ್ಲಿ ಒಂದು ವರ್ಷ

ಪರದೇಶವನ್ನು ಪ್ರವಾಸಿಯಾಗಿ ನೋಡಿ ಬರುವುದು ಒಂದು ಬಗೆ. ಅಲ್ಲಿಯ ಒಂದು ಮನೆಯಲ್ಲಿ ಆ ಮನೆಯ ಮಕ್ಕಳೊಡನೆ ತಾನೂ ಒಬ್ಬನಾಗಿ ಒಂದು ವರ್ಷ ಬಾಳಿ ಬರುವುದು ಇನ್ನೊಂದು ಬಗೆ. ಪ್ರವಾಸಿಗೆ ಕಟ್ಟಡಗಳೂ ಬೀದಿಗಳೂ ಕಾಣುತ್ತವೆ. ಮನೆಯಲ್ಲಿ ನಿಂತವನಿಗಾದರೋ ಆ ಜನರು ಹೇಗೆ ಉಣ್ಣುತ್ತಾರೆ, ಹೇಗೆ ದುಡಿಯುತ್ತಾರೆ, ಯಾವುದಕ್ಕೆ ಮುನಿಯುತ್ತಾರೆ, ಮುನಿದ ಮೇಲೆ ಹೇಗೆ ಒಂದಾಗುತ್ತಾರೆ ಎಂಬುದು ತಿಳಿಯುತ್ತದೆ. ಪ್ರೌಢಶಾಲೆಯ ವಯಸ್ಸಿನವರಿಗೆ ಇಂತಹ ಅವಕಾಶವನ್ನು ಒದಗಿಸುವ ಏರ್ಪಾಡಿಗೆ ವಿದ್ಯಾರ್ಥಿ ವಿನಿಮಯವೆಂದು ಹೆಸರು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದು ನಡೆಯುವ ರೀತಿಯನ್ನೂ, ಅಲ್ಲಿಗೆ ಹೋದ ವಿದ್ಯಾರ್ಥಿಯ ದಿನಚರಿಯನ್ನೂ ನಮ್ಮ ವಿದ್ಯಾರ್ಥಿಗಳಿಗೂ ಅವರ ತಾಯ್ತಂದೆಗಳಿಗೂ ತಿಳಿಸಬಯಸುತ್ತೇವೆ.

ಈ ಪದ್ಧತಿಯ ಬೇರು ಯುದ್ಧಭೂಮಿಯಲ್ಲಿದೆಯೆಂದರೆ ಆಶ್ಚರ್ಯವೆನಿಸಬಹುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಪಿಯಾಟ್ ಆಂಡ್ರೂ ಎಂಬವರ ನೇತೃತ್ವದಲ್ಲಿ ಅಮೆರಿಕದ ತರುಣರು ಫ್ರಾನ್ಸಿನ ರಣರಂಗದಿಂದ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಗಾಡಿಗಳನ್ನು ಸ್ವಯಂಸೇವಕರಾಗಿ ನಡೆಸಿದರು. ಅವರ ಸಂಸ್ಥೆಯೇ ಅಮೆರಿಕನ್ ಫೀಲ್ಡ್ ಸರ್ವಿಸ್. ಎರಡನೆಯ ಮಹಾಯುದ್ಧದಲ್ಲಿಯೂ ಇದೇ ಸೇವೆ ಮುಂದುವರಿಯಿತು. ಯುದ್ಧ ಮುಗಿದ ಮೇಲೆ, ಸ್ಟೀಫನ್ ಗಲಾಟಿಯವರ ಮುಂದಾಳುತನದಲ್ಲಿ, ಆ ಸಂಸ್ಥೆಯವರು ಜನಾಂಗ ಜನಾಂಗಗಳ ನಡುವೆ ಪರಿಚಯವನ್ನು ಬೆಳೆಸುವ ಕೆಲಸಕ್ಕೆ ಕೈಹಾಕಿದರು. 1947ರಲ್ಲಿ 10 ದೇಶಗಳಿಂದ 52 ವಿದ್ಯಾರ್ಥಿಗಳು ಅಮೆರಿಕಕ್ಕೆ ಬಂದರು. 1951ರಲ್ಲಿ ಬೇರೊಂದು ಪ್ರಯತ್ನದ ಫಲವಾಗಿ 75 ಮಂದಿ ಜರ್ಮನ್ ಹುಡುಗ ಹುಡುಗಿಯರು ಮಿಶಿಗನ್ ಪ್ರಾಂತದ ಮನೆಗಳನ್ನು ಸೇರಿದರು. ಆರು ವರ್ಷಗಳ ಹಿಂದೆ ಶತ್ರುಗಳಾಗಿದ್ದವರ ಮಕ್ಕಳಿಗೆ ಮನೆಯ ಬಾಗಿಲನ್ನು ತೆರೆದುದು ಸಣ್ಣ ಸಂಗತಿಯಲ್ಲ. 2002ರಲ್ಲಿ ಅಮೆರಿಕದ ಸರಕಾರವು ಕೆನಡಿ–ಲೂಗರ್ ಎಂಬ ಹೆಸರಿನ ವಿದ್ಯಾರ್ಥಿವೇತನದ ಯೋಜನೆಯನ್ನು ಸ್ಥಾಪಿಸಿತು. ಅದರ ಮೂಲಕ ಭಾರತದ ಮಕ್ಕಳೂ ಹೋಗಿ ಬಂದಿದ್ದಾರೆ.

ಇದಕ್ಕೆ ನಿಯಮಗಳುಂಟು. ಹೋಗುವವನು ಹದಿನೈದು ವರ್ಷ ತುಂಬಿದವನಾಗಿರಬೇಕು, ಹದಿನೆಂಟೂವರೆ ಮೀರಿರಬಾರದು. ಅಲ್ಲಿಯ ಶಾಲೆಗೆ ಪೂರ್ಣಾವಧಿ ಹೋಗಬೇಕು. ಅದಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಬರಬೇಕು. ಅವನನ್ನು ಇರಿಸಿಕೊಳ್ಳುವ ಕುಟುಂಬಕ್ಕೆ ಇದಕ್ಕಾಗಿ ಸಂಬಳವಿಲ್ಲ, ಬಾಡಿಗೆಯಿಲ್ಲ. ಸಂಸ್ಥೆಯವರು ಮುಂಚಿತವಾಗಿಯೇ ಆ ಮನೆಗೆ ಹೋಗಿ ನೋಡಿ, ಮನೆಯವರೊಡನೆ ಮಾತನಾಡಿ, ಅಲ್ಲಿರುವ ವಯಸ್ಕರೆಲ್ಲರ ಮೇಲೆ ಹಿಂದೆ ಏನಾದರೂ ಅಪರಾಧದ ದಾಖಲೆಯುಂಟೋ ಎಂದು ವಿಚಾರಿಸಬೇಕು. ಅಲ್ಲದೆ, ಆ ಮನೆಯಿಂದ 120 ಮೈಲುಗಳೊಳಗೆ ಸಂಸ್ಥೆಯ ಪ್ರತಿನಿಧಿಯೊಬ್ಬರು ವಾಸವಾಗಿದ್ದು, ತಿಂಗಳಿಗೊಮ್ಮೆಯಾದರೂ ವಿದ್ಯಾರ್ಥಿಯ ಯೋಗಕ್ಷೇಮವನ್ನು ವಿಚಾರಿಸಬೇಕು.

ಇನ್ನು ದಿನಚರಿ. ಎಲ್ಲ ಮನೆಗಳೂ ಒಂದೇ ಬಗೆಯವಲ್ಲವಾದರೂ ಸಾಮಾನ್ಯವಾದ ಕೆಲವು ಅಂಶಗಳಿವೆ. ಬೆಳಗ್ಗೆ ಬೇಗನೆ ಎದ್ದು, ಕಾಳಿನ ಹುರಿದ ಚೂರುಗಳಿಗೆ ತಣ್ಣನೆಯ ಹಾಲನ್ನು ಹೊಯ್ದುಕೊಂಡು ತಿಂದು, ಹಳದಿ ಬಣ್ಣದ ಶಾಲಾಬಸ್ಸನ್ನು ಹಿಡಿಯಬೇಕು. ನಮ್ಮಲ್ಲಿ ಮಕ್ಕಳು ಒಂದೆಡೆ ಕುಳಿತಿರುತ್ತಾರೆ, ಅಧ್ಯಾಪಕರು ಬದಲಾಗುತ್ತಾರೆ. ಅಲ್ಲಿ ಅಧ್ಯಾಪಕರು ತಮ್ಮ ಕೊಠಡಿಯಲ್ಲಿರುತ್ತಾರೆ, ಪ್ರತಿ ಪೀರಿಯಡ್ಡಿಗೂ ಮಕ್ಕಳೇ ನಡೆದು ಹೋಗುತ್ತಾರೆ. ಹೀಗಾಗಿ ಒಬ್ಬ ವಿದ್ಯಾರ್ಥಿಯ ಜೊತೆಗಾರರು ಗಂಟೆಗೊಮ್ಮೆ ಬದಲಾಗುವುದುಂಟು. ಹೊಸಬನಿಗೆ ಸ್ನೇಹಿತರು ತಾವಾಗಿ ದೊರೆಯುವುದಿಲ್ಲ. ಶಾಲೆ ಬಿಟ್ಟ ಮೇಲೆ ಆಟ, ವಾದ್ಯಮೇಳ, ನಾಟಕ ಮುಂತಾದ ತಂಡಗಳಲ್ಲಿ ಒಂದಕ್ಕೆ ಸೇರಿಕೊಂಡವನಿಗೆ ಬಳಗ ಬೇಗ ಬೆಳೆಯುತ್ತದೆ. ರಾತ್ರಿಯ ಊಟವನ್ನು ಅಲ್ಲಿ ಸಂಜೆಯೇ, ಆರು ಗಂಟೆಯ ಸುಮಾರಿಗೆ, ಮುಗಿಸುವ ಮನೆಗಳು ಬಹಳ. ಆ ದಿನ ನಡೆದುದನ್ನು ಎಲ್ಲರೂ ಹೇಳಿಕೊಳ್ಳುವುದು ಆಗಲೇ. ಊಟವಾದ ಮೇಲೆ ತಟ್ಟೆಗಳನ್ನು ತೊಳೆಯುವುದು, ಕಸವನ್ನು ಹೊರಗಿಡುವುದು, ತನ್ನ ಬಟ್ಟೆಯನ್ನು ಒಗೆಯುವ ಯಂತ್ರಕ್ಕೆ ಹಾಕುವುದು, ತನ್ನ ಕೋಣೆಯನ್ನು ಓರಣವಾಗಿಡುವುದು ಇವೆಲ್ಲ ಮಕ್ಕಳ ಪಾಲಿನ ಕೆಲಸಗಳು, ಹುಡುಗನೆಂದು ವಿನಾಯಿತಿಯಿಲ್ಲ. ಬಂದವನು ಅತಿಥಿಯಂತೆ ಕುಳಿತರೆ ಮೊದಲ ವಾರ ಯಾರೂ ಏನೂ ಎನ್ನಲಾರರು. ತಿಂಗಳು ಕಳೆಯುವಷ್ಟರಲ್ಲಿ ಅವನು ಹೊರಗಿನವನಾಗಿಯೇ ಉಳಿದಿರುತ್ತಾನೆ.

ನಮ್ಮ ಮಕ್ಕಳು ತೊಡಕಿಗೆ ಸಿಕ್ಕುವುದು ದೊಡ್ಡ ವಿಷಯಗಳಲ್ಲಿ ಅಲ್ಲ, ಚಿಕ್ಕ ವಿಷಯಗಳಲ್ಲಿ. ನಮ್ಮ ಮನೆಗಳಲ್ಲಿ ಬಡಿಸುವವರು ಎರಡು ಮೂರು ಸಲ ಒತ್ತಾಯಿಸುತ್ತಾರೆ. ಉಣ್ಣುವವರು ಮೊದಲು "ಬೇಡ" ಎನ್ನುವುದೇ ಮರ್ಯಾದೆ. ಅಲ್ಲಿ ಒಮ್ಮೆ ಕೇಳುತ್ತಾರೆ. "ಬೇಡ" ಎಂದರೆ ಬೇಡವೆಂದೇ ಅರ್ಥ. ಸಂಕೋಚದ ಹುಡುಗಿ ಹಸಿದು ಮಲಗುತ್ತಾಳೆ; ಆ ಮನೆಯ ತಾಯಿಗೆ ಅದು ತಿಳಿಯುವುದೇ ಇಲ್ಲ. ಇಬ್ಬರದೂ ತಪ್ಪಲ್ಲ, ಎರಡು ರೂಢಿಗಳು ಒಂದನ್ನೊಂದು ಅರಿಯದೆ ಎದುರಾಗಿವೆ, ಅಷ್ಟೆ. ಅಂತೆಯೇ ನಾವು ತಾಯಿಗೆ ಉಪಕಾರಸ್ಮರಣೆ ಹೇಳುವುದು ಅಪರೂಪ. ಹೇಳಿದರೆ ದೂರದವರಂತೆ ತೋರುತ್ತದೆ. ಅಲ್ಲಿ ಉಪ್ಪಿನ ಬಟ್ಟಲನ್ನು ಈಚೆಗೆ ಸರಿಸಿದವರಿಗೂ "ಥ್ಯಾಂಕ್ಸ್" ಎನ್ನದಿದ್ದರೆ ಒರಟುತನವೆಂದು ಎಣಿಸುತ್ತಾರೆ. ಮುಚ್ಚಿದ ಬಾಗಿಲನ್ನು ತಟ್ಟದೆ ಒಳಹೊಗಬಾರದು. ಎಲ್ಲಿಗೆ ಹೋಗುವೆ, ಯಾವಾಗ ಬರುವೆ ಎಂಬುದನ್ನು ಹೇಳದೆ ಹೊರಡಬಾರದು. ಮನೆಯ ಯಜಮಾನರನ್ನೂ ಯಜಮಾನಿಯನ್ನೂ ಹೆಸರು ಹಿಡಿದು ಕರೆಯಬೇಕೆಂದಾಗ ನಮ್ಮವರ ನಾಲಗೆ ತಡವರಿಸುತ್ತದೆ; "ನಿಮ್ಮನ್ನು ಏನೆಂದು ಕರೆಯಲಿ?" ಎಂದು ಮೊದಲ ದಿನವೇ ಕೇಳಿಬಿಡುವುದು ಲೇಸು. ಸಸ್ಯಾಹಾರಿಗಳು ಅದನ್ನು ಅರ್ಜಿಯಲ್ಲಿಯೇ ಸ್ಪಷ್ಟವಾಗಿ ಬರೆಯಬೇಕು.

ಮನೆಯ ನೆನಪು ಕಾಡದೆ ಇರುವುದಿಲ್ಲ. ನಾರ್ವೆಯ ವಿದ್ವಾಂಸ ಸ್ವೆರ್ರೆ ಲಿಸ್ಗಾರ್ಡರು, ಅಮೆರಿಕಕ್ಕೆ ಹೋಗಿಬಂದ ತಮ್ಮ ದೇಶದವರನ್ನು ವಿಚಾರಿಸಿ, 1955ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು: ಮೊದಲು ಉತ್ಸಾಹ, ಕೆಲವು ತಿಂಗಳುಗಳ ಬಳಿಕ ಕುಗ್ಗು, ಆಮೇಲೆ ಮತ್ತೆ ಚೇತರಿಕೆ. ಆದುದರಿಂದ ನಡುವಿನ ತಿಂಗಳುಗಳಲ್ಲಿ ಅಳು ಬಂದರೆ ಅದು ಸೋಲಲ್ಲ, ದಾರಿಯ ಒಂದು ಇಳಿಜಾರು. ದಿನವಿಡೀ ಪರಭಾಷೆಯನ್ನು ಕೇಳಿ ಕೇಳಿ ಸಂಜೆಗೆ ತಲೆ ದಣಿಯುತ್ತದೆ. ಕೋಣೆಯ ಬಾಗಿಲಿಕ್ಕಿಕೊಂಡು ಊರಿಗೆ ಫೋನು ಮಾಡುತ್ತ ಕೂಡಬೇಕೆನಿಸುತ್ತದೆ. ಹಿಂದೆ ಕಾಗದಕ್ಕಾಗಿ ವಾರಗಟ್ಟಲೆ ಕಾಯಬೇಕಾಗಿತ್ತು. ಈಗ ಮುಖ ನೋಡುತ್ತಲೇ ಮಾತನಾಡಬಹುದು. ಇದು ವರವೂ ಹೌದು, ತೊಡಕೂ ಹೌದು. ತಾಯ್ತಂದೆಗಳು ಗಳಿಗೆಗೊಮ್ಮೆ ಕರೆದರೆ ಮಗುವಿನ ದೇಹ ಅಲ್ಲಿ, ಮನಸ್ಸು ಇಲ್ಲಿ. ಎರಡೂ ಕಡೆ ಬಾಳು ಸಾಗದು. ವಾರಕ್ಕೊಂದು ಗೊತ್ತಾದ ಹೊತ್ತು ಸಾಕು.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊಂದಿಕೊಳ್ಳುವುದು ಬೇರೆ, ಸಹಿಸಿಕೊಂಡು ಸುಮ್ಮನಿರುವುದು ಬೇರೆ. ತಟ್ಟೆ ತೊಳೆಯುವುದು, ರುಚಿಯಿಲ್ಲದ ಊಟ, ಬಿರುಸು ಮಾತು ಇವುಗಳಿಗೆ ಹೊಂದಿಕೊಳ್ಳಬೇಕು. ಯಾರದಾದರೂ ನಡೆ, ಮಾತು ಅಥವಾ ಸ್ಪರ್ಶ ಭಯವನ್ನುಂಟುಮಾಡಿದರೆ ಅದಕ್ಕೆ ಹೊಂದಿಕೊಳ್ಳಬೇಕಾಗಿಲ್ಲ. ಆ ದಿನವೇ ಪ್ರತಿನಿಧಿಗೆ, ಶಾಲೆಯ ಅಧ್ಯಾಪಕರಿಗೆ, ತಾಯ್ತಂದೆಗಳಿಗೆ ತಿಳಿಸಬೇಕು. ಆಪತ್ತಿನಲ್ಲಿ ಪೊಲೀಸರನ್ನು ಕರೆಯುವ ಸಂಖ್ಯೆ ಅಲ್ಲಿ 911. ಮನೆಯನ್ನು ಬದಲಾಯಿಸಿಕೊಡುವ ಏರ್ಪಾಡುಂಟು; ಬದಲಾಯಿಸಿಕೊಳ್ಳುವುದು ಅವಮಾನವಲ್ಲ. "ಏನು ಹೇಳಿದರೂ ಬೈಯುವುದಿಲ್ಲ, ಹೇಳು" ಎಂಬ ಭರವಸೆಯನ್ನು ಮಗುವಿಗೆ ಹೊರಡುವ ಮುನ್ನವೇ ಕೊಡಬೇಕಾದವರು ತಾಯ್ತಂದೆಗಳು.

ಕನ್ನಡ ಮಾಧ್ಯಮದಲ್ಲಿ ಓದುವವರಿಗೆ ಇದೆಲ್ಲ ಎಟುಕೀತೇ ಎಂದು ಕೆಲವರು ಕೇಳಬಹುದು. ಇಂಗ್ಲಿಷಿನಲ್ಲಿ ಶ್ರಮ ಬೇಕೆಂಬುದು ನಿಜ. ಆದರೆ ಮನೆಯಲ್ಲಿ ಕನ್ನಡ, ತುಳು, ಪೇಟೆಯಲ್ಲಿ ಮಲಯಾಳ ಎಂದು ದಿನಕ್ಕೆ ಹತ್ತು ಸಲ ಭಾಷೆ ಬದಲಾಯಿಸುವ ನಮ್ಮ ಗಡಿನಾಡಿನ ಮಕ್ಕಳಿಗೆ, ಇನ್ನೊಬ್ಬರ ನುಡಿಯಲ್ಲಿ ಬಾಳುತ್ತಲೇ ತನ್ನ ನುಡಿಯನ್ನು ಕಾಪಾಡಿಕೊಳ್ಳುವುದು ಹೊಸದಲ್ಲ. ಅಲ್ಲಿಯ ಜನರು ಕೇಳುವುದೂ ಅದನ್ನೇ: ನಿಮ್ಮ ಲಿಪಿ ಎಂತಹುದು, ನಿಮ್ಮ ಹಬ್ಬಗಳಾವುವು, ಮನೆಯಲ್ಲಿ ಏನು ಅಡಿಗೆ ಮಾಡುತ್ತೀರಿ? ನವಂಬರದ ನಾಲ್ಕನೆಯ ಗುರುವಾರ ಅಲ್ಲಿ ಕೃತಜ್ಞತಾ ದಿನದ ಹಬ್ಬದೂಟಕ್ಕೆ ಬಂಧುಗಳೆಲ್ಲ ಸೇರುತ್ತಾರೆ. ಅಂದು ಅವರ ಹಬ್ಬವನ್ನು ಅವರೊಡನೆ ಉಂಡು, ತನ್ನ ಹಬ್ಬವನ್ನು ಅವರಿಗೆ ಹೇಳಬಲ್ಲ ಮಗುವೇ ನಿಜವಾಗಿ ವಿನಿಮಯ ಮಾಡಿದಂತೆ. ತನ್ನ ಮನೆಯ ವಿಷಯ ಅರಿಯದವನಿಗೆ ಕೊಡುವುದಕ್ಕೇನಿದೆ?

ಪರದೇಶಕ್ಕೆ ಹೋಗುವವರು ನಮ್ಮಲ್ಲಿ ಒಬ್ಬಿಬ್ಬರಿರಬಹುದು, ಯಾರೂ ಇಲ್ಲದೆಯೂ ಇರಬಹುದು. ಆದರೂ ಕಾಲೇಜಿಗೆಂದೋ ಉದ್ಯೋಗಕ್ಕೆಂದೋ ಪರಸ್ಥಳದಲ್ಲಿ ಪರರೊಡನೆ ಬಾಳಬೇಕಾದ ದಿನ ಬಹುತೇಕ ಎಲ್ಲರಿಗೂ ಬರುತ್ತದೆ. ಅದಕ್ಕೆ ಬೇಕಾದ ಅಭ್ಯಾಸಗಳನ್ನು ಈ ವರ್ಷವೇ ಆರಂಭಿಸಬಹುದು: ಉಂಡ ತಟ್ಟೆಯನ್ನು ತಾನೇ ತೊಳೆಯುವುದು, ತನ್ನ ಬಟ್ಟೆಯನ್ನು ತಾನೇ ಒಗೆಯುವುದು, ಬೇಕಾದುದನ್ನು ವಿನಯದಿಂದ ಬೇಕೆಂದೂ ಬೇಡವಾದುದನ್ನು ಅಂಜದೆ ಬೇಡವೆಂದೂ ಹೇಳುವುದು.